ಕಾಪೆನ್‌ಬರ್ಗಿನ ಓಟೋ: ಕೋಟೆಯನ್ನು ಕೊಟ್ಟವನು, ಮಠವನ್ನು ನಡೆಸಿದವನು

ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ ಕಾಪೆನ್‌ಬರ್ಗ್ ಎಂಬ ಗುಡ್ಡವಿದೆ. ಅದರ ಮೇಲಿರುವ ಹಳೆಯ ಚರ್ಚಿನಲ್ಲಿ ಕಂಚಿನಿಂದ ಎರಕ ಹೊಯ್ದು ಚಿನ್ನದ ಲೇಪ ಕೊಟ್ಟ ಒಂದು ಶಿರೋಮೂರ್ತಿಯನ್ನು ಕಾಪಾಡಿಕೊಂಡು ಬರಲಾಗಿದೆ. ಎತ್ತರ ಸುಮಾರು 31 ಸೆಂಟಿಮೀಟರ್. ಗುಂಗುರು ಕೂದಲು, ಒಪ್ಪವಾಗಿ ಕತ್ತರಿಸಿದ ಗಡ್ಡ, ನೆಟ್ಟ ನೋಟ. ಕೆಳಗೆ ಕೋಟೆಗೋಡೆಯ ಆಕಾರದ ಪೀಠ, ಅದನ್ನು ಹೊತ್ತು ನಿಂತ ಪುಟ್ಟ ದೇವದೂತರು. ಇದು 1160ರ ಆಸುಪಾಸಿನ ಕೃತಿ. ಇದರ ಮೇಲಿನ ಲ್ಯಾಟಿನ್ ಬರಹವು ಎರಡು ಸಂಗತಿಗಳನ್ನು ಹೇಳುತ್ತದೆ. ಇದರೊಳಗೆ ಸಂತ ಯೋಹಾನನ ಕೂದಲನ್ನು ಇರಿಸಲಾಗಿದೆ ಎಂಬುದು ಮೊದಲನೆಯದು. ಕಾಣಿಕೆ ಕೊಟ್ಟ ಓಟೋವಿಗಾಗಿ ಆ ಸಂತನು ದೇವರಲ್ಲಿ ಪ್ರಾರ್ಥಿಸಲಿ ಎಂಬುದು ಎರಡನೆಯದು.

ಈ ಓಟೋ ಹುಟ್ಟಿನಿಂದ ಮಾಂಡಲಿಕ, ಅಂದರೆ ಯುರೋಪಿನ ಪರಿಭಾಷೆಯಲ್ಲಿ ಕೌಂಟ್. ಸಾಯುವಾಗ ಅವನು ಅದೇ ಗುಡ್ಡದ ಮೇಲಿನ ಮಠದ ಪ್ರೊವೊಸ್ಟ್. ಮಧ್ಯಯುಗದ ಯುರೋಪಿನಲ್ಲಿ ಕುಲೀನರು ಮಠ ಸೇರುವುದು ಅಪರೂಪವಾಗಿರಲಿಲ್ಲ. ಕಿರಿಯ ಮಕ್ಕಳನ್ನು ಮಠಗಳಿಗೆ ಒಪ್ಪಿಸುವುದು ಶ್ರೀಮಂತ ಮನೆತನಗಳ ರೂಢಿಯೇ ಆಗಿತ್ತು. ಓಟೋವಿನ ಬದುಕು ಆ ರೂಢಿಗೆ ಸೇರುವುದಿಲ್ಲ. ಅವನು ಬೇರೊಬ್ಬರು ಕಟ್ಟಿದ ಮಠವನ್ನು ಸೇರಲಿಲ್ಲ. ಅವನ ಮನೆಯೇ ಮಠವಾಯಿತು. ತ್ಯಾಗ ಎಂಬ ಒಂದೇ ಮಾತಿನ ಕೆಳಗೆ ಎಷ್ಟು ಬಗೆಯ ವ್ಯವಹಾರಗಳೂ ಎಷ್ಟು ಜನರ ಬದುಕುಗಳೂ ಅಡಗಿರುತ್ತವೆ ಎಂಬುದನ್ನು ತಿಳಿಯಲು ಅವನ ಜೀವನ ಒಳ್ಳೆಯ ಉದಾಹರಣೆ.

ಪದದ ಅರ್ಥ

ಪ್ರೊವೊಸ್ಟ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ‘ಪ್ರೇಪೋಸಿಟಸ್’. ‘ಮುಂದೆ ಇರಿಸಲ್ಪಟ್ಟವನು’ ಎಂಬುದು ಅದರ ಶಬ್ದಾರ್ಥ. ಕನ್ನಡದ ‘ಮುಂದಾಳು’ ಎಂಬ ಪದ ಇದಕ್ಕೆ ಬಹಳ ಹತ್ತಿರದ್ದು. ಕ್ರೈಸ್ತ ಮಠದ ಮುಖ್ಯಸ್ಥನಿಗೆ ಹೆಚ್ಚು ಪ್ರಸಿದ್ಧವಾದ ಹೆಸರು ‘ಅಬಟ್’. ಅದು ಅರಾಮಿಕ್ ಭಾಷೆಯ ‘ಅಬ್ಬಾ’, ಅಂದರೆ ತಂದೆ, ಎಂಬ ಪದದಿಂದ ಬಂದದ್ದು. ಅಬಟ್ ಎಂಬ ಹೆಸರಿನಲ್ಲಿ ಪಿತೃತ್ವವಿದೆ, ಪ್ರೊವೊಸ್ಟ್ ಎಂಬ ಹೆಸರಿನಲ್ಲಿ ವಹಿಸಿಕೊಟ್ಟ ಹೊಣೆಯಿದೆ. ಸಂತ ಬೆನೆಡಿಕ್ಟನ ಮಠನಿಯಮದಲ್ಲಿ ಪ್ರೇಪೋಸಿಟಸ್ ಎಂದರೆ ಅಬಟನ ಕೈಕೆಳಗಿನ ಎರಡನೆಯ ಅಧಿಕಾರಿ. ಸಂತ ಅಗಸ್ಟೀನನ ನಿಯಮದಂತೆ ಒಟ್ಟಾಗಿ ಬಾಳುವ ಪಾದ್ರಿಗಳ ಎಷ್ಟೋ ಮಠಗಳಲ್ಲಿ, ಅದರಲ್ಲಿಯೂ ಉತ್ತರ ಜರ್ಮನಿಯಲ್ಲಿ, ಪ್ರೊವೊಸ್ಟನೇ ಮುಖ್ಯಸ್ಥ. ಕಾಪೆನ್‌ಬರ್ಗ್ ಈ ಎರಡನೆಯ ಬಗೆಗೆ ಸೇರಿದ್ದು.

ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಳಕೆಯಲ್ಲಿರುವ ‘ಮಠಾಧಿಪತಿ’ ಎಂಬ ಪದವನ್ನು ಇಲ್ಲಿ ಹಾಗೆಯೇ ತಂದಿಟ್ಟರೆ ಅರ್ಥ ಸ್ವಲ್ಪ ಜಾರುತ್ತದೆ. ನಮ್ಮ ಕಿವಿಗೆ ಮಠಾಧಿಪತಿ ಎಂದರೆ ಮೊದಲು ಗುರು, ಆಮೇಲೆ ಆಡಳಿತಗಾರ. ಪ್ರೊವೊಸ್ಟ್ ಎಂಬ ಹೆಸರು ಮುಂದೆ ಮಾಡುವುದು ಹುದ್ದೆಯನ್ನು. ಆರಾಧನೆ ಹೊತ್ತುಹೊತ್ತಿಗೆ ನಡೆಯಬೇಕು, ಹೊಲಗಳ ಗೇಣಿ ಬರಬೇಕು, ಗಡಿತಂಟೆ ಬಗೆಹರಿಯಬೇಕು, ಅತಿಥಿಗೂ ಬಡವನಿಗೂ ಅನ್ನ ಸಿಗಬೇಕು. ಇವೆಲ್ಲಕ್ಕೂ ಅವನೇ ಉತ್ತರ ಹೇಳಬೇಕಾದವನು. ಆದುದರಿಂದ ಈ ಬರಹದಲ್ಲಿ ಮೂಲಪದವನ್ನೇ ಉಳಿಸಿಕೊಳ್ಳಲಾಗಿದೆ.

ಸುಟ್ಟ ನಗರ

ಓಟೋ ಹುಟ್ಟಿದ್ದು ಸುಮಾರು 1100ರಲ್ಲಿ. ಅಣ್ಣ ಗಾಟ್‌ಫ್ರೀಡ್ ಅವನಿಗಿಂತ ಕೆಲವೇ ವರ್ಷ ದೊಡ್ಡವನು. ಕಾಪೆನ್‌ಬರ್ಗ್ ಮನೆತನ ವೆಸ್ಟ್‌ಫೇಲಿಯಾದ ಪ್ರಬಲ ಮನೆತನಗಳಲ್ಲಿ ಒಂದಾಗಿತ್ತು. ಗುಡ್ಡದ ಮೇಲಿನ ಕೋಟೆಯಲ್ಲದೆ ದೂರದ ದಕ್ಷಿಣದ ಸ್ವಾಬಿಯಾದಲ್ಲಿಯೂ ಅವರಿಗೆ ಆಸ್ತಿಪಾಸ್ತಿಯಿತ್ತು. ಸ್ವಾಬಿಯಾದ ಡ್ಯೂಕರ ಹೋಹೆನ್‌ಷ್ಟೌಫೆನ್ ವಂಶದೊಡನೆ ಅವರಿಗೆ ಹತ್ತಿರದ ಒಡನಾಟವಿತ್ತು.

ಆ ಕಾಲದ ದೊಡ್ಡ ವಿವಾದ ಬಿಷಪ್ಪರನ್ನು ನೇಮಿಸುವ ಅಧಿಕಾರ ಯಾರದು ಎಂಬುದು. ಬಿಷಪ್ ಧರ್ಮಗುರುವಷ್ಟೇ ಅಲ್ಲ, ಭೂಮಿ, ಸೈನ್ಯ, ನ್ಯಾಯಸ್ಥಾನಗಳಿದ್ದ ಪ್ರಭುವೂ ಹೌದು. ಆದುದರಿಂದ ಅವನಿಗೆ ಉಂಗುರವನ್ನೂ ದಂಡವನ್ನೂ ಕೊಡುವ ಹಕ್ಕು ತನ್ನದೆಂದು ಚಕ್ರವರ್ತಿ ಹೇಳುತ್ತಿದ್ದನು; ಅದು ಧರ್ಮಸಭೆಯದೆಂದು ಪೋಪ್ ಹೇಳುತ್ತಿದ್ದನು. ಈ ಜಗಳದಲ್ಲಿ ಜರ್ಮನಿಯ ಕುಲೀನರು ಎರಡು ಪಾಳೆಯಗಳಾಗಿ ಒಡೆದಿದ್ದರು. ಮ್ಯೂನ್ಸ್ಟರ್ ನಗರದ ಬಿಷಪ್ ಎರಡನೆಯ ಡೀಟ್ರಿಕ್‌ನನ್ನು ಚಕ್ರವರ್ತಿಯ ಪಕ್ಷದವರು ಹೊರದೂಡಿದ್ದರು. ಅವನನ್ನು ಮತ್ತೆ ಪೀಠದಲ್ಲಿ ಕೂರಿಸಲು 1121ರಲ್ಲಿ ಸ್ಯಾಕ್ಸನಿಯ ಡ್ಯೂಕ್ ಲೋಥಾರ್ ದಂಡೆತ್ತಿ ಹೋದನು. ಕಾಪೆನ್‌ಬರ್ಗಿನ ಅಣ್ಣತಮ್ಮಂದಿರು ಆ ದಂಡಿನಲ್ಲಿದ್ದರು. ನಗರ ಬಿದ್ದಿತು, ಬೆಂಕಿ ಹತ್ತಿತು. ಆ ಬೆಂಕಿಗೆ ನಗರದ ಮುಖ್ಯ ದೇವಾಲಯವೇ ಆಹುತಿಯಾಯಿತು.

ಧರ್ಮಸಭೆಯ ಪರವಾಗಿ ಹೋರಾಡಲು ಹೋದವರ ಕೈಯಿಂದಲೇ ದೇವರ ಮನೆ ಸುಟ್ಟುಹೋಯಿತು. ಮುಂದಿನ ಘಟನೆಗಳನ್ನು ತಿಳಿಯಲು ಈ ಒಂದು ಸಂಗತಿ ಅತ್ಯಗತ್ಯ. ಪಶ್ಚಾತ್ತಾಪ ಮಾತ್ರವೇ ಅವರನ್ನು ಮಠದತ್ತ ನಡೆಸಿತು ಎನ್ನುವುದು ಪೂರ್ಣಸತ್ಯವಾಗಲಾರದು. ಚಕ್ರವರ್ತಿಯ ಪಕ್ಷದ ನಗರವನ್ನು ಸುಟ್ಟವರಿಗೆ ಚಕ್ರವರ್ತಿಯ ಕೋಪದ ಭಯವೂ ಇದ್ದಿರಬೇಕು. ಮನುಷ್ಯನ ದೊಡ್ಡ ನಿರ್ಧಾರಗಳಲ್ಲಿ ಭಯವೂ ಭಕ್ತಿಯೂ ಬೇರೆಬೇರೆ ಪಾತ್ರೆಗಳಲ್ಲಿ ಇರುವುದಿಲ್ಲ.

ಕೋಟೆ ಮಠವಾದುದು

ಇದೇ ಸಮಯದಲ್ಲಿ ರೈನ್ ನದಿಯ ಸೀಮೆಯಲ್ಲಿ ನಾರ್ಬರ್ಟ್ ಎಂಬ ಬೋಧಕನ ಹೆಸರು ಹಬ್ಬುತ್ತಿತ್ತು. ಅವನೂ ಕುಲೀನ. ಚಕ್ರವರ್ತಿಯ ಆಸ್ಥಾನದಲ್ಲಿ ಸುಖವಾಗಿದ್ದು, 1115ರಲ್ಲಿ ಬದುಕಿನ ದಾರಿ ಬದಲಿಸಿ, ಉಣ್ಣೆಯ ಒರಟು ಬಟ್ಟೆ ತೊಟ್ಟು, ಬರಿಗಾಲಿನಲ್ಲಿ ಊರೂರು ಸುತ್ತಿ ಬೋಧಿಸುತ್ತಿದ್ದವನು. ಫ್ರಾನ್ಸಿನ ಪ್ರೆಮಾಂಟ್ರೆ ಎಂಬ ಕಾಡುಕಣಿವೆಯಲ್ಲಿ 1120ರಲ್ಲಿ ಅವನು ಒಂದು ಮಠ ಕಟ್ಟಿದನು. ಅಲ್ಲಿಂದ ಬೆಳೆದ ಸಂಘವು ಪ್ರೆಮಾಂಟ್ರೆ ಸಂಘವೆಂದು ಪ್ರಸಿದ್ಧವಾಯಿತು. 1126ರಲ್ಲಿ ಪೋಪ್ ಅದಕ್ಕೆ ಮಾನ್ಯತೆ ಕೊಟ್ಟನು. ಈ ಸಂಘದವರದು ಬಿಳಿಯ ಉಡುಪು, ಮಾಂಸವಿಲ್ಲದ ಊಟ, ಕಠಿಣ ಮೌನ. ಮಠದೊಳಗಿನ ಪ್ರಾರ್ಥನೆಯನ್ನೂ ಜನರ ನಡುವಿನ ಬೋಧನೆಯನ್ನೂ ಒಟ್ಟಿಗೆ ನಡೆಸಬೇಕೆಂಬುದು ಅವರ ಆದರ್ಶ.

ಗಾಟ್‌ಫ್ರೀಡ್ ನಾರ್ಬರ್ಟನ ಪ್ರಭಾವಕ್ಕೆ ಒಳಗಾಗಿ, ತನ್ನ ಕೋಟೆಯನ್ನೇ ಅವನಿಗೆ ಒಪ್ಪಿಸಲು ಮುಂದಾದನು. 1122ರಲ್ಲಿ ಕಾಪೆನ್‌ಬರ್ಗ್ ಕೋಟೆ ಮಠವಾಯಿತು. ಜರ್ಮನ್ ಭಾಷೆಯ ನಾಡಿನಲ್ಲಿ ಪ್ರೆಮಾಂಟ್ರೆ ಸಂಘದ ಮೊದಲನೆಯ ಮಠ ಇದೇ. ಸ್ವಲ್ಪ ಕಾಲದಲ್ಲಿಯೇ ವೆಸ್ಟ್‌ಫೇಲಿಯಾದ ಫಾರ್ಲರ್ ಎಂಬಲ್ಲಿಯೂ, ಫ್ರಾಂಕ್‌ಫರ್ಟಿಗೆ ಹತ್ತಿರದ ಇಲ್ಬೆನ್‌ಷ್ಟಾಟ್ ಎಂಬಲ್ಲಿಯೂ ಇವರ ಆಸ್ತಿಯಿಂದಲೇ ಇನ್ನೆರಡು ಮಠಗಳು ಎದ್ದವು. ಬಿಷಪ್ಪರ ನೇಮಕದ ಜಗಳ ವರ್ಮ್ಸ್ ಒಪ್ಪಂದದಲ್ಲಿ ಮುಗಿದದ್ದೂ 1122ರಲ್ಲಿಯೇ. ನಾಡು ಸಂಧಿಗೆ ಬರುತ್ತಿದ್ದ ವರ್ಷದಲ್ಲಿ ಒಂದು ಮನೆತನ ಆಯುಧವನ್ನು ಕೆಳಗಿಟ್ಟಿತು.

ಒಪ್ಪದವರು

ಮಠದಲ್ಲಿ ಬರೆದ ಜೀವನಚರಿತ್ರೆಗಳು ಇಂಥ ಘಟ್ಟದಲ್ಲಿ ದಾನಿಯ ಮುಖವನ್ನು ಮಾತ್ರ ಬೆಳಗಿಸುತ್ತವೆ. ಓದುವವರು ಉಳಿದವರನ್ನೂ ಹುಡುಕಬೇಕು. ಈ ನಿರ್ಧಾರಕ್ಕೆ ಮೊದಲು ಅಡ್ಡಿ ಮಾಡಿದವರಲ್ಲಿ ಓಟೋವೇ ಒಬ್ಬನು. ಅಣ್ಣ ಕೊಡಲು ಹೊರಟದ್ದು ಅಣ್ಣನೊಬ್ಬನ ಆಸ್ತಿಯಾಗಿರಲಿಲ್ಲ. ಇಪ್ಪತ್ತರ ಹರೆಯದ ತಮ್ಮನಿಗೆ ಮುಂದೆ ದೊರೆಯಬೇಕಾಗಿದ್ದ ಎಲ್ಲವೂ ಅದರೊಳಗೆ ಇತ್ತು. ಕಡೆಗೆ ಅವನು ಒಪ್ಪಿದನು. ಒಪ್ಪಿದ್ದಷ್ಟೇ ಅಲ್ಲ, ತಾನೂ ಬಿಳಿಯ ಉಡುಪು ತೊಟ್ಟನು.

ಎರಡನೆಯವಳು ಗಾಟ್‌ಫ್ರೀಡನ ಹೆಂಡತಿ ಯುಟ್ಟಾ, ನೆರೆಯ ಆರ್ನ್ಸ್‌ಬರ್ಗಿನ ಮಾಂಡಲಿಕ ಫ್ರೀಡ್ರಿಕ್‌ನ ಮಗಳು. ಗಂಡ ವ್ರತಸ್ಥನಾಗಬೇಕಾದರೆ ಹೆಂಡತಿಯ ಸಮ್ಮತಿ ಬೇಕೆಂಬುದು ಧರ್ಮಸಭೆಯ ನಿಯಮ. ಅವಳು ಮೊದಲು ವಿರೋಧಿಸಿ, ಆಮೇಲೆ ಒಪ್ಪಿ, ಹತ್ತಿರದಲ್ಲಿಯೇ ಏರ್ಪಟ್ಟ ಹೆಂಗಸರ ಮಠವನ್ನು ಸೇರಿದಳು. ಅವಳ ತಂದೆ ಒಪ್ಪಲಿಲ್ಲ. ಮಗಳಿಗೆ ಬರಬೇಕಾದ ಪಾಲು ಮಠದ ಪಾಲಾಯಿತೆಂದು ಅವನು ಸಿಟ್ಟಾಗಿ ಬಲಪ್ರಯೋಗಕ್ಕೆ ಇಳಿದನು. ಆ ಬೆದರಿಕೆ 1124ರಲ್ಲಿ ಅವನ ಮರಣದೊಡನೆ ಕೊನೆಗೊಂಡಿತು.

ಮೂರನೆಯವರು ಕೋಟೆಯ ಯೋಧರು. ಇವರನ್ನು ‘ಮಿನಿಸ್ಟೀರಿಯಲ್’ ಎಂದು ಕರೆಯುತ್ತಿದ್ದರು. ಕುದುರೆ, ಕತ್ತಿ, ಹಿಡುವಳಿ ಎಲ್ಲವೂ ಇದ್ದು, ಕಾನೂನಿನ ಕಣ್ಣಿನಲ್ಲಿ ಮಾತ್ರ ಸ್ವತಂತ್ರರಲ್ಲದವರು. ಒಡೆಯನ ಆಸ್ತಿಯ ಒಂದು ಭಾಗವಾಗಿ ಕೈಯಿಂದ ಕೈಗೆ ಹೋಗುತ್ತಿದ್ದವರು. ಮಠಕ್ಕೆ ಯೋಧರ ಅಗತ್ಯವಿರಲಿಲ್ಲ. ಆದುದರಿಂದ ಇವರನ್ನು ಮ್ಯೂನ್ಸ್ಟರಿನ ಬಿಷಪ್ಪನಿಗೆ ಒಪ್ಪಿಸಲಾಯಿತು. ಸ್ವಾಬಿಯಾದ ಆಸ್ತಿಯನ್ನು ಹೋಹೆನ್‌ಷ್ಟೌಫೆನ್ ಡ್ಯೂಕ್ ಫ್ರೆಡರಿಕ್‌ನಿಗೆ ಮಾರಲಾಯಿತು. ಆ ನೆಲದೊಡನೆ ಅದರ ಒಕ್ಕಲುಗಳೂ ಒಡೆಯನನ್ನು ಬದಲಿಸಿದರು. ದಾನಶಾಸನಗಳನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ದತ್ತಿ ಕೊಟ್ಟವನ ಹೆಸರು, ದತ್ತಿ ಪಡೆದವನ ಹೆಸರು, ಭೂಮಿಯ ಎಲ್ಲೆ ಇವೆಲ್ಲ ಬರಹದಲ್ಲಿ ಸ್ಪಷ್ಟವಾಗಿರುತ್ತವೆ. ಆ ಎಲ್ಲೆಯೊಳಗೆ ಬದುಕುವವರನ್ನು ಓದುಗನೇ ಕಾಣಬೇಕು. ಗಾಟ್‌ಫ್ರೀಡನ ತ್ಯಾಗ ನಿಜವಾದದ್ದೇ. ಆದರೆ ಅವನು ಬಿಟ್ಟುಕೊಟ್ಟದ್ದರಲ್ಲಿ ವಸ್ತುಗಳ ಜೊತೆಗೆ ಮನುಷ್ಯರೂ ಇದ್ದರು.

ಅಣ್ಣನ ಐದು ವರ್ಷ, ತಮ್ಮನ ಅರ್ಧ ಶತಮಾನ

ನಾರ್ಬರ್ಟ್ 1126ರಲ್ಲಿ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆದನು. ಗಾಟ್‌ಫ್ರೀಡನೂ ಕೆಲಕಾಲ ಅಲ್ಲಿದ್ದು, ಅಲ್ಲಿಯ ವೈಭವಕ್ಕೆ ಹೊಂದಿಕೊಳ್ಳಲಾರದೆ, ಇಲ್ಬೆನ್‌ಷ್ಟಾಟಿಗೆ ಬಂದನು. ಅಲ್ಲಿ 1127ರ ಜನವರಿ 13ರಂದು ತೀರಿಕೊಂಡನು. ಆಗ ಅವನಿಗೆ ಸುಮಾರು ಮೂವತ್ತು ವರ್ಷ. ಮಠಜೀವನ ನಡೆಸಿದ್ದು ಐದು ವರ್ಷವೂ ತುಂಬಲಿಲ್ಲ. ಸಂಘದವರು ಅವನನ್ನು ಸಂತನೆಂದು ಪೂಜಿಸಿದರು. 1149ರಲ್ಲಿ ಅವನ ಅಸ್ಥಿಗಳ ಒಂದು ಭಾಗವನ್ನು ಕಾಪೆನ್‌ಬರ್ಗಿಗೆ ತರಲಾಯಿತು. ಅದೇ ಶತಮಾನದ ನಡುಭಾಗದಲ್ಲಿ, ಅವನನ್ನು ಕಥಾನಾಯಕನನ್ನಾಗಿಸಿ, ಕಾಪೆನ್‌ಬರ್ಗಿನಲ್ಲಿಯೇ ಲ್ಯಾಟಿನ್ನಿನ ಚರಿತ್ರೆ ಸಿದ್ಧವಾಯಿತು.

ಓಟೋ ಬದುಕಿದ್ದು 1171ರವರೆಗೆ. 1122ರಿಂದ ಲೆಕ್ಕ ಹಾಕಿದರೆ ಸುಮಾರು ಅರ್ಧ ಶತಮಾನ. 1156ರಲ್ಲಿ ಅವನು ಕಾಪೆನ್‌ಬರ್ಗಿನ ಪ್ರೊವೊಸ್ಟ್ ಆದನು, ಬದುಕಿನ ಕೊನೆಯವರೆಗೂ ಆ ಹೊಣೆಯಲ್ಲಿದ್ದನು. ಮಾಂಡಲಿಕನಾಗಿ ಆಳಬೇಕಾಗಿದ್ದ ಗುಡ್ಡಕ್ಕೆ ಮೂವತ್ತನಾಲ್ಕು ವರ್ಷಗಳ ಬಳಿಕ ಅವನು ಮತ್ತೆ ಮುಖ್ಯಸ್ಥನಾದಂತಾಯಿತು. ಆದರೆ ಈ ಯಜಮಾನಿಕೆ ಬೇರೆ ಬಗೆಯದು. ಅದನ್ನು ಮಗನಿಗೆ ಬಿಟ್ಟುಹೋಗಲು ಬರುವುದಿಲ್ಲ, ಮಾರಲು ಬರುವುದಿಲ್ಲ. ರಾತ್ರಿಯ ಪ್ರಾರ್ಥನೆಗೆ ಉಳಿದವರೊಡನೆ ಅವನೂ ಏಳಬೇಕು. ಅವನಿಗೆ ವಾರಸುದಾರರಿರಲಿಲ್ಲ, ಕಾಪೆನ್‌ಬರ್ಗ್ ಮಾಂಡಲಿಕರ ವಂಶ ಅವನೊಂದಿಗೆ ಕೊನೆಗೊಂಡಿತು.

ಆಸ್ತಿಯನ್ನು ಒಂದು ದಿನ ಬಿಟ್ಟುಬಿಡುವುದು ಒಂದು ಕೆಲಸ. ಬಿಟ್ಟ ಆಸ್ತಿಯನ್ನು, ಅದು ತನ್ನದಲ್ಲವೆಂಬ ಅರಿವಿನಲ್ಲಿ, ದಿನದಿನವೂ ಕಾಪಾಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಚರಿತ್ರೆ ಬರೆದವರು ಸಿಕ್ಕರು. ಎರಡನೆಯದಕ್ಕೆ ಉಳಿದದ್ದು ಪತ್ರಗಳು ಮತ್ತು ಒಂದೆರಡು ವಸ್ತುಗಳು.

ಬಟ್ಟಲು ಮತ್ತು ಶಿರಸ್ಸು

ಆ ವಸ್ತುಗಳ ಕಥೆ 1122ರ ಸುಮಾರಿಗೆ ಹಿಂದಿರುಗುತ್ತದೆ. ಆಗ ಸ್ವಾಬಿಯಾದ ಡ್ಯೂಕನ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತ್ತು. ಆ ಮಗುವಿನ ದೀಕ್ಷಾಸ್ನಾನದಲ್ಲಿ ಓಟೋ ಧರ್ಮಪಿತನಾಗಿ ನಿಂತನು. ಮಗುವಿನ ಹೆಸರು ತಂದೆಯದೇ, ಫ್ರೆಡರಿಕ್. ಬೆಳೆದು 1152ರಲ್ಲಿ ಜರ್ಮನಿಯ ರಾಜನಾಗಿ, 1155ರಲ್ಲಿ ರೋಮಿನಲ್ಲಿ ಚಕ್ರವರ್ತಿಯ ಕಿರೀಟ ಧರಿಸಿದ ಫ್ರೆಡರಿಕ್ ಬಾರ್ಬರೋಸಾ ಇವನೇ. ಬಾರ್ಬರೋಸಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೆಂಪು ಗಡ್ಡ. ಹೀಗೆ ಲೋಕ ಬಿಟ್ಟವನಿಗೆ ಲೋಕದ ಅತ್ಯಂತ ಬಲಶಾಲಿಯೊಡನೆ ಮಗನ ಸಂಬಂಧ ಉಳಿದುಕೊಂಡಿತು. ಓಟೋ ಪ್ರೊವೊಸ್ಟ್ ಆದದ್ದು ಚಕ್ರವರ್ತಿಯ ಪಟ್ಟಾಭಿಷೇಕದ ಮರುವರ್ಷ ಎಂಬುದನ್ನೂ ಗಮನಿಸಬೇಕು.

ಬರ್ಲಿನ್ನಿನ ಅಲಂಕಾರಕಲೆಗಳ ವಸ್ತುಸಂಗ್ರಹಾಲಯದಲ್ಲಿರುವ ಒಂದು ಬೆಳ್ಳಿಯ ಬಟ್ಟಲು ಈ ಸಂಬಂಧಕ್ಕೆ ಸಾಕ್ಷಿ. ಅದರ ಒಳಮೈಯಲ್ಲಿ ದೀಕ್ಷಾಸ್ನಾನದ ದೃಶ್ಯವನ್ನು ಕೊರೆಯಲಾಗಿದೆ. ನೀರಿನ ತೊಟ್ಟಿಯಲ್ಲಿ ಮಗು, ಅದನ್ನು ಹಿಡಿದ ಓಟೋ, ಪಕ್ಕದಲ್ಲಿ ಬಿಷಪ್. ಸ್ನಾನದ ದಿನ ಹಸುಗೂಸಾಗಿದ್ದವನ ಹೆಸರಿನ ಜೊತೆಗೆ ‘ಚಕ್ರವರ್ತಿ’ ಎಂದು ಬರೆದಿದೆ. ಆದುದರಿಂದ ಈ ಚಿತ್ರ ಕೊರೆದದ್ದು 1155ರ ಬಳಿಕವೇ ಇರಬೇಕು. ಸುತ್ತಲಿನ ಬರಹದ ಸಾರ ಇಷ್ಟು: ಚಕ್ರವರ್ತಿ ಫ್ರೆಡರಿಕ್ ಇದನ್ನು ತನ್ನ ಧರ್ಮಪಿತ ಓಟೋವಿಗೆ ಕೊಟ್ಟನು, ಓಟೋ ಅದನ್ನು ದೇವರಿಗೆ ಕೊಟ್ಟನು. ಪ್ರೊವೊಸ್ಟನ ಕೈಗೆ ಬಂದ ಉಡುಗೊರೆ ಅಲ್ಲಿ ನಿಲ್ಲಲಿಲ್ಲ, ಮುಂದಕ್ಕೆ ಸಾಗಿತು ಎಂಬುದನ್ನೇ ಈ ಬರಹ ಒತ್ತಿ ಹೇಳುತ್ತದೆ.

ಓಟೋ ತನ್ನ ಮಠಕ್ಕೆ ಕೊಟ್ಟ ವಸ್ತುಗಳನ್ನು ತಿಳಿಸುವ ಒಂದು ದಾನಪತ್ರದ ಪಾಠವೂ ಉಳಿದಿದೆ. ಅದರಲ್ಲಿ ಚಿನ್ನದ ಶಿಲುಬೆಯೊಂದರ ಜೊತೆಗೆ, ಚಕ್ರವರ್ತಿಯ ಹೋಲಿಕೆಯಲ್ಲಿ ಮಾಡಿದ ಬೆಳ್ಳಿಯ ಶಿರಸ್ಸು ಮತ್ತು ಅದರ ಬಟ್ಟಲಿನ ಉಲ್ಲೇಖವಿದೆ. ಕಾಪೆನ್‌ಬರ್ಗಿನ ಚರ್ಚಿನಲ್ಲಿರುವ ಶಿರೋಮೂರ್ತಿಯೇ ಪತ್ರದಲ್ಲಿ ಹೇಳಿದ ಶಿರಸ್ಸು ಎಂದು 1886ರಲ್ಲಿ ಫ್ರೀಡ್ರಿಕ್ ಫಿಲಿಪ್ಪಿ ಎಂಬ ವಿದ್ವಾಂಸ ಗುರುತಿಸಿದನು. ಅಂದಿನಿಂದ ಅದು ಬಾರ್ಬರೋಸಾನ ಪ್ರತಿಕೃತಿಯೆಂದು ಪಠ್ಯಪುಸ್ತಕಗಳನ್ನು ಸೇರಿತು.

ಇಲ್ಲಿ ತುಸು ತಡೆದು ಯೋಚಿಸಬೇಕು. ಪತ್ರ ಹೇಳುವುದು ಬೆಳ್ಳಿಯ ಶಿರಸ್ಸನ್ನು. ಚರ್ಚಿನಲ್ಲಿರುವುದು ಚಿನ್ನದ ಲೇಪದ ಕಂಚು. ಪತ್ರ ಚಕ್ರವರ್ತಿಯನ್ನು ಹೆಸರಿಸುತ್ತದೆ. ಮೂರ್ತಿಯ ಮೇಲಿನ ಬರಹ ಯೋಹಾನನನ್ನೂ ಓಟೋವನ್ನೂ ಮಾತ್ರ ಹೆಸರಿಸುತ್ತದೆ. ಮುಖಲಕ್ಷಣದ ಸಾಕ್ಷ್ಯಕ್ಕೆ ಹೋದರೆ, ಬಾರ್ಬರೋಸಾನ ಸಮಕಾಲೀನ ಇತಿಹಾಸಕಾರ ರಾಹೆವಿನ್ ಅವನ ರೂಪವನ್ನು ವರ್ಣಿಸಿದ್ದಾನೆ. ಆದರೆ ಆ ವರ್ಣನೆಯ ಎಷ್ಟೋ ಮಾತುಗಳು ಹಿಂದಿನ ಲೇಖಕರು ಬೇರೆ ರಾಜರನ್ನು ವರ್ಣಿಸಿದ ಗ್ರಂಥಗಳಿಂದ ಎತ್ತಿಕೊಂಡವು. ಹಳಗನ್ನಡ ಕಾವ್ಯಗಳ ರಾಜವರ್ಣನೆಯಲ್ಲಿ ಕವಿಸಮಯ ಎಷ್ಟು, ಕಣ್ಣಿಗೆ ಕಂಡದ್ದು ಎಷ್ಟು ಎಂದು ಕೇಳಿ ರೂಢಿಯಿದ್ದವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಆದುದರಿಂದ ಈಚಿನ ವಿದ್ವಾಂಸರಲ್ಲಿ ಕೆಲವರು ಫಿಲಿಪ್ಪಿಯ ಮಾತನ್ನು ಒಪ್ಪುವುದಿಲ್ಲ. ಶಿರಸ್ಸು ಯಾರದೆಂಬ ಚರ್ಚೆ ಮುಂದುವರಿದಿದ್ದರೂ ಕೊಟ್ಟವನು ಯಾರೆಂಬುದರಲ್ಲಿ ಸಂಶಯವಿಲ್ಲ. ಆ ಕೊಟ್ಟವನು ತನ್ನ ಮಾಂಡಲಿಕ ಬಿರುದನ್ನು ಅಲ್ಲಿ ಬರೆಸಲಿಲ್ಲ. ತನ್ನನ್ನು ಬರಿಯ ಹೆಸರಿನಿಂದ ಕರೆದುಕೊಂಡು, ಪ್ರಾರ್ಥನೆಯನ್ನಷ್ಟೇ ಬೇಡಿದನು.

ಮಠದ ಮುಂದಿನ ಕಾಲ

ಕುಲದ ಅಭಿಮಾನವನ್ನು ಕಳಚಿಟ್ಟು ಹುಟ್ಟಿದ ಮಠಕ್ಕೆ ಆ ಅಭಿಮಾನ ಇನ್ನೊಂದು ಬಾಗಿಲಿನಿಂದ ಹಿಂದಿರುಗಿತು. ಕಾಲಾಂತರದಲ್ಲಿ ಕಾಪೆನ್‌ಬರ್ಗ್ ಕುಲೀನ ಮನೆತನಗಳ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವ ಮಠವಾಯಿತು. ಸ್ಥಾಪಕರು ಬಿಟ್ಟುಕೊಟ್ಟ ಅರ್ಹತೆಯೇ ಪ್ರವೇಶದ ಅರ್ಹತೆಯಾಗಿ ನಿಂತಿತು. 1803ರಲ್ಲಿ ಜರ್ಮನಿಯ ಮಠಗಳ ಆಸ್ತಿಯನ್ನು ರಾಜ್ಯಗಳು ವಶಪಡಿಸಿಕೊಂಡಾಗ ಈ ಮಠವೂ ಮುಚ್ಚಿತು. 1816ರಲ್ಲಿ ಪ್ರಷ್ಯಾದ ಸುಧಾರಕ ಮಂತ್ರಿ ಬ್ಯಾರನ್ ಷ್ಟೈನ್ ಅದನ್ನು ಪಡೆದು, 1831ರಲ್ಲಿ ಅಲ್ಲಿಯೇ ತೀರಿಕೊಂಡನು. ಮಠವಾಗಿದ್ದ ಕೋಟೆ ಮತ್ತೆ ಒಬ್ಬ ಕುಲೀನನ ಮನೆಯಾಯಿತು. ಬೆಳ್ಳಿಯ ಬಟ್ಟಲು ಕೈಬದಲಿಸಿ ವೈಮಾರ್ ನಗರಕ್ಕೆ ಹೋಯಿತು. ಅಲ್ಲಿ ಮಹಾಕವಿ ಗಯಟೆ ಅದರ ಬರಹದ ಅರ್ಥ ಬಿಡಿಸಲು ವಿದ್ವಾಂಸರ ಅಭಿಪ್ರಾಯ ಕೇಳಿದನು. ಬಳಿಕ ಅದು ಬರ್ಲಿನ್ ಸೇರಿತು. ಸಂತನ ಕೂದಲನ್ನು ಹೊತ್ತ ಶಿರೋಮೂರ್ತಿ ಮಾತ್ರ ಗುಡ್ಡದ ಚರ್ಚಿಗೇ ಸೇರಿದ್ದಾಗಿ ಉಳಿದಿದೆ.

ಅದೇ ಚರ್ಚಿನಲ್ಲಿ 14ನೆಯ ಶತಮಾನದಲ್ಲಿ ಕೆತ್ತಿದ ಒಂದು ಸಮಾಧಿಶಿಲ್ಪವಿದೆ. ಅದರಲ್ಲಿ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ನಿಂತು ತಾವು ಕಟ್ಟಿಸಿದ ಚರ್ಚಿನ ಪ್ರತಿರೂಪವೊಂದನ್ನು ಇಬ್ಬರೂ ಹಿಡಿದಿದ್ದಾರೆ. ಚರಿತ್ರೆಯ ಗ್ರಂಥ ಅಣ್ಣನನ್ನು ನಾಯಕನನ್ನಾಗಿ ಮಾಡಿ ತಮ್ಮನನ್ನು ಅನುಸರಿಸಿದವನನ್ನಾಗಿ ಮಾಡಿತು. ಶಿಲ್ಪಿ ಆ ಭಾರವನ್ನು ನಾಲ್ಕು ಕೈಗಳಿಗೆ ಹಂಚಿದನು. ಇಬ್ಬರ ಬದುಕನ್ನೂ ಪತ್ರಗಳ ಜೊತೆಗಿಟ್ಟು ನೋಡಿದರೆ ಶಿಲ್ಪಿಯ ತೀರ್ಮಾನವೇ ಹೆಚ್ಚು ನ್ಯಾಯವಾದದ್ದೆಂದು ತೋರುತ್ತದೆ. ಆದರೆ ಆ ಕಲ್ಲಿನಲ್ಲಿ ಯುಟ್ಟಾ ಇಲ್ಲ, ಬಿಷಪ್ಪನಿಗೆ ಒಪ್ಪಿಸಲಾದ ಯೋಧರೂ ಇಲ್ಲ. ಕಾಪೆನ್‌ಬರ್ಗಿನ ಮಠ ನಿಂತದ್ದು ಅವರು ಕಳೆದುಕೊಂಡದ್ದರ ಮೇಲೆಯೂ ಹೌದು.